ಮಗಳಿಗೆ 12 ವರ್ಷ, ಬಿಲ್ಲು ಈಗಲೇ ಕೊಳ್ಳಬೇಕಾ?

ಕೋಡಿಬಾಗದ ಅಮ್ಮ:

ಎಲ್ಲರಿಗೂ ನಮಸ್ಕಾರ. ನಾವು ಕಾರವಾರದವರು. ಮಗಳು ಏಳನೇ ಕ್ಲಾಸು. ಈ ಬೇಸಿಗೆ ರಜೆಯಲ್ಲಿ ಹತ್ತು ದಿನದ ಶಿಬಿರಕ್ಕೆ ಹೋಗಿ ಮೊದಲ ಸಲ ಬಿಲ್ಲು ಹಿಡಿದಳು. ಅಲ್ಲಿಂದ ಬಂದವಳು ಮನೆಯಲ್ಲಿ ಒಂದು ವಸ್ತುವನ್ನೂ ನೆಟ್ಟಗೆ ಇಟ್ಟಿಲ್ಲ. ಹಿಡಿಕಡ್ಡಿ, ಪೆನ್ಸಿಲ್, ಕೊಡೆಯ ಕಡ್ಡಿ, ಎಲ್ಲವೂ ಬಾಣ. ನಿನ್ನೆ ಫ್ರಿಜ್ ಬಾಗಿಲಿನ ಮೇಲೆ ನನ್ನ ಲಿಪ್‌ಸ್ಟಿಕ್‌ನಲ್ಲಿ ಐದು ಸುತ್ತು ಬರೆದಿದ್ದಾಳೆ. ಹೊರಗಿನದು ಬಿಳಿ, ಆಮೇಲೆ ಕಪ್ಪು, ನೀಲಿ, ಕೆಂಪು, ನಡುವೆ ಹಳದಿ ಅಂತ ನನಗೇ ಪಾಠ!

ಶಿಬಿರದ ಕೋಚ್ ಇನ್ನೊಂದು ವರ್ಷ ಬಿದಿರಿನ ಬಿಲ್ಲೇ ಸಾಕು ಅಂತಾರೆ. ದೂರದ ಊರಿನ ಒಂದು ಅಂಗಡಿಗೆ ಫೋನ್ ಮಾಡಿದರೆ, ಚಕ್ರ ಇರುವ ಕಾಂಪೌಂಡ್ ಬಿಲ್ಲು ತಗೊಳ್ಳಿ ಮೇಡಂ, ಬೇಗ ಮೆಡಲ್ ಬರುತ್ತೆ, ಪೂರ್ತಿ ಸೆಟ್ 60 ಸಾವಿರ ಅಂತಾರೆ. ನಮ್ಮವರು ಹಡಗಿನ ಕೆಲಸದಲ್ಲಿದ್ದಾರೆ. ಅಲ್ಲಿಂದಲೇ "ಕೊಡಿಸಿಬಿಡು" ಅಂದರು. ಹೇಳುವುದು ಸುಲಭ. ಇನ್ನು ಹದಿನೈದು ದಿನಕ್ಕೆ ಮಳೆ ಹಿಡಿಯುತ್ತೆ. ಆಮೇಲೆ ನಾಲ್ಕು ತಿಂಗಳು ಅದು ಅಟ್ಟದ ಮೇಲೇ ಅಲ್ವಾ? ಅಷ್ಟರೊಳಗೆ ಬೀಚಿನಲ್ಲಿ, ಗಾಳಿಮರದ ಸಾಲಿನ ಹತ್ತಿರ ಹೊಡೆಯಲು ಬಿಡಬಹುದಾ? ಗೊತ್ತಿದ್ದವರು ಹೇಳಿ.

ಶಿರಸಿ ತೋಟದವ:

ಅಕ್ಕಾ, ಮೊದಲು ಕೊನೆಯ ಪ್ರಶ್ನೆಗೆ. ಬೀಚು ಬೇಡವೇ ಬೇಡ. 20 ಪೌಂಡಿನ (ಪೌಂಡ್ ಅಂದರೆ ದಾರ ಎಳೆಯಲು ಬೇಕಾದ ಬಲ) ಮಕ್ಕಳ ಬಿಲ್ಲಿನಿಂದ ತಪ್ಪಿ ಮೇಲೆ ಹೋದ ಬಾಣವೂ ನೂರು ಮೀಟರ್ ದಾಟಬಹುದು. ಗಾಳಿಮರದ ಹಿಂದೆ ಯಾರು ಕೂತಿದ್ದಾರೆ ಅಂತ ಯಾರಿಗೆ ಗೊತ್ತು?

ಇನ್ನು ಬಿಲ್ಲು. ನಾನು ಅಡಿಕೆ ತೋಟದವ, ಕೋಚ್ ಅಲ್ಲ. ಆದರೆ ನೀವು ಈಗ ಮಾಡಲು ಹೊರಟ ತಪ್ಪನ್ನು ನಾನು ಆಗಲೇ ಮಾಡಿ ಮುಗಿಸಿದ್ದೇನೆ. ನಮ್ಮ ಕೂಸಿಗೆ ಆಗ 13. ಪದೇ ಪದೇ ಕೊಳ್ಳುವುದು ಯಾಕೆ, ದೊಡ್ಡದನ್ನೇ ತರೋಣ ಅಂತ 34 ಪೌಂಡಿನ ರಿಕರ್ವ್, ಅಂದರೆ ಚಕ್ರ ಇಲ್ಲದ, ತುದಿ ಮುಂದಕ್ಕೆ ಬಾಗಿದ ಬಿಲ್ಲು ತಂದೆ. ಮಕ್ಕಳಿಗೆ ಚಪ್ಪಲಿ ಒಂದು ಅಳತೆ ದೊಡ್ಡದು ತರುತ್ತೇವಲ್ಲ, ಹಾಗೆ. ಅಂಗಡಿಯವರೂ ಬೇಡ ಅನ್ನಲಿಲ್ಲ.

ಬಿಲ್ಲಿನ ಮೇಲೆ ಬರೆದ ಪೌಂಡು 28 ಇಂಚು ಎಳೆದರೆ ಸಿಗುವ ಲೆಕ್ಕ. ಅವಳು ಎಳೆಯುತ್ತಿದ್ದದ್ದು 26 ಇಂಚು. ಇಂಚಿಗೆ ಸುಮಾರು 2 ಪೌಂಡ್ ಕಳೆದರೂ 30 ಪೌಂಡ್, ಅಂದರೆ ಹದಿಮೂರೂವರೆ ಕಿಲೋ. ದಿನಕ್ಕೆ ನೂರು ಬಾಣ ಅಂದರೆ ಹದಿಮೂರೂವರೆ ಕ್ವಿಂಟಲ್! ನಮ್ಮ ತೋಟದ ಆಳಿಗೆ ಒಂದು ದಿನದಲ್ಲಿ ಇಷ್ಟು ಎಳೆ ಅಂದರೆ ಮರುದಿನ ಬರುವುದಿಲ್ಲ. ನಾನು ಮಗಳ ಕೈಯಲ್ಲಿ ಎಳೆಸಿದೆ. ಈ ಲೆಕ್ಕ ಹಾಕಿದ್ದು ಆಮೇಲೆ.

ಏನಾಯಿತು ಅಂದರೆ, ಭುಜ ಕಿವಿಯ ಹತ್ತಿರ ಬಂತು. ಯಕ್ಷಗಾನದಲ್ಲಿ ಅರ್ಜುನ ಬಿಲ್ಲು ಎತ್ತಿ ನಿಲ್ಲುತ್ತಾನಲ್ಲ, ನೋಡಲು ಹಾಗೇ ಚೆಂದ, ಬಾಣ ಮಾತ್ರ ಎಲ್ಲೋ. ದಾರ ಗಲ್ಲಕ್ಕೆ ಮುಟ್ಟುವ ಮೊದಲೇ ಬಿಟ್ಟುಬಿಡುತ್ತಿದ್ದಳು. ದೀಪಾವಳಿ ಹೊತ್ತಿಗೆ ಭುಜದ ನೋವು. ಹುಬ್ಬಳ್ಳಿಯಲ್ಲಿ ಮೂರು ತಿಂಗಳು ಫಿಸಿಯೋಥೆರಪಿ. ಒಂದು ವರ್ಷ ಹೋಯಿತು.

ಆಮೇಲೆ ಗೊತ್ತಾಗಿದ್ದು, ಹಿಡಿ ಬೇರೆ, ಲಿಂಬ್ ಬೇರೆ. ಮೇಲೆ ಕೆಳಗೆ ಬಾಗುವ ಪಟ್ಟಿಗಳೇ ಲಿಂಬ್. ಅವನ್ನು ಮಾತ್ರ ಬದಲಿಸಬಹುದು. 18 ಪೌಂಡಿನ ಒಂದು ಜೊತೆ ತಂದು ಹಾಕಿದೆವು. ಅದೇ ಲೆಕ್ಕದಲ್ಲಿ ಆರು ಚಿಲ್ಲರೆ ಕ್ವಿಂಟಲ್. ಭುಜ ತಾನಾಗಿ ಕೆಳಗಿಳಿಯಿತು.

ಮಳೆಗಾಲ ದಂಡ ಅಂದಿರಿ. ನನ್ನ ಪ್ರಕಾರ ಉಲ್ಟಾ. ನಮ್ಮ ಕೊಟ್ಟಿಗೆಯಲ್ಲಿ ಹುಲ್ಲಿನ ಕಟ್ಟುಗಳನ್ನು ಒತ್ತಾಗಿ ಜೋಡಿಸಿ, ಅಡಿಕೆ ದಬ್ಬೆ ಅಡ್ಡ ಕೊಟ್ಟು ಬಿಗಿದು ಕಟ್ಟಿದೆ. ಹಿಂದೆ ಮಣ್ಣಿನ ಗೋಡೆ. ಮೂರು ಮೀಟರ್ ದೂರ ಅಷ್ಟೆ. ಟಾರ್ಗೆಟ್ ಕಾಗದ ಇಲ್ಲ. ಬಾಣ ಎಲ್ಲಿ ಬಿತ್ತು ಅಂತ ನೋಡುವ ಹಾಗೇ ಇಲ್ಲ. ಕೈ ಎಲ್ಲಿದೆ, ಬೆನ್ನು ಎಳೆಯುತ್ತಿದೆಯಾ, ಬೆರಳು ಮೆತ್ತಗೆ ಬಿಟ್ಟಿತಾ, ಇಷ್ಟೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದೇ ಕೆಲಸ. ಮೊದಲ ವಾರ "ಅಪ್ಪಾ, ಬೋರು" ಅಂತ ಅತ್ತಳು. ಎಮ್ಮೆ ಕೂಡ ಮೊದಮೊದಲು ಪ್ರತಿ ಬಾಣಕ್ಕೂ ಬೆಚ್ಚುತ್ತಿತ್ತು. ಅಕ್ಟೋಬರ್‌ನಲ್ಲಿ ಮೈದಾನಕ್ಕೆ ಹೋಗಿ 20 ಮೀಟರ್‌ನಲ್ಲಿ ಕಾಗದ ಹಚ್ಚಿದಾಗ ಆರರಲ್ಲಿ ಐದು ಬಾಣ ಅಂಗೈಯಗಲದಲ್ಲಿ ಕೂತವು. ಬೇಸಿಗೆಯಿಡೀ ಆಗದ್ದು ಕೊಟ್ಟಿಗೆಯಲ್ಲಿ ಆಗಿತ್ತು.

ಥಂಡಿಗೆ ಎಲ್ಲ ಬೂಸ್ಟು ಹಿಡಿಯುತ್ತೆ, ಅದೊಂದು ಜೋಪಾನ. ದಾರಕ್ಕೆ ಮೇಣ ಹಚ್ಚಿ. ಹೊಡೆದಾದ ಮೇಲೆ ದಾರ ಬಿಚ್ಚಿ ಇಡಿ. ಬಾಣ ಇಲ್ಲದೆ ಸುಮ್ನೆ ಎಳೆದು ಬಿಡಲು ಯಾರಿಗೂ ಕೊಡಬೇಡಿ, ಲಿಂಬ್ ಸೀಳುತ್ತೆ. ಮನೆಗೆ ಬಂದ ನೆಂಟರೆಲ್ಲ ಮಾಡುವುದು ಅದನ್ನೇ.

ಕಾಂಪೌಂಡ್ ಬೇಡ. ಒಲಿಂಪಿಕ್ಸ್‌ನಲ್ಲಿ ಅದು ಇಲ್ಲವೇ ಇಲ್ಲ.

ಹಬ್ಬುವಾಡದ ಹುಡುಗ:

ತೋಟದ ಅಣ್ಣಾ, ಮೊದಲಿನದೆಲ್ಲ ಸರಿ, ಕೊನೆಯ ಸಾಲು ಹಳೆಯದಾಯಿತು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕಾಂಪೌಂಡ್ ಮಿಶ್ರ ತಂಡದ ಸ್ಪರ್ಧೆ ಸೇರಿದೆ. ನಮ್ಮವರು ಜಾಸ್ತಿ ಗೆದ್ದಿರುವುದೂ ಅದರಲ್ಲೇ. 2023ರಲ್ಲಿ ಬರ್ಲಿನ್‌ನಲ್ಲಿ ಸತಾರಾದ ಅದಿತಿ ಸ್ವಾಮಿ ವಿಶ್ವ ಚಾಂಪಿಯನ್ ಆದಾಗ ಅವಳಿಗೆ 17. ಹೊಡೆದು ಕಲಿತದ್ದು ಕಬ್ಬಿನ ಗದ್ದೆಯ ನಡುವಿನ ಜಾಗದಲ್ಲಿ. ಅದೇ ವರ್ಷ 21 ವರ್ಷದೊಳಗಿನವರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ರಿಕರ್ವ್ ಗೆದ್ದ ಪಾರ್ಥ್ ಸಾಳುಂಖೆ ಕೂಡ ಸತಾರಾ ಕಡೆಯವನು. ಸತಾರಾ ಏನು ಮಹಾನಗರವಾ? ನಮ್ಮ ಹಾಗೆ ಘಟ್ಟದ ಮಗ್ಗುಲಿನ ಊರು.

ಆದರೂ ಅಕ್ಕಾ, 12ಕ್ಕೆ 60 ಸಾವಿರ ಬೇಡ. ಕಾಂಪೌಂಡ್‌ನಲ್ಲಿ ಚಕ್ರ ಇರುತ್ತೆ, ಪೂರ್ತಿ ಎಳೆದ ಮೇಲೆ ಭಾರ ಇಳಿಯುತ್ತೆ, ಭೂತಗನ್ನಡಿ ಇಟ್ಟು ಗುರಿ ನೋಡಬಹುದು. ಮಕ್ಕಳಿಗೆ ಬೇಗ ಹತ್ತು ಅಂಕ ಬೀಳುತ್ತೆ, ನಿಜ. ಆದರೆ ಮಗು ಬೆಳೆದ ಹಾಗೆ ಎಳೆಯುವ ಉದ್ದ ಬದಲಾಗುತ್ತೆ, ಪ್ರತಿ ಸಲ ಅಳತೆ ಸರಿ ಮಾಡಿಸಬೇಕು. ಅದನ್ನು ಮಾಡುವವರು ಹತ್ತಿರ ಇದ್ದಾರಾ ಅಂತ ಮೊದಲು ಕೇಳಿ. ನನ್ನದು ಒಮ್ಮೆ ದಾರ ಸರಿದು ಎರಡು ತಿಂಗಳು ಕೊರಿಯರ್‌ನಲ್ಲೇ ಓಡಾಡಿತು.

ನಮ್ಮೂರಲ್ಲಿ ಬೆಳಿಗ್ಗೆ ಬೇಗ ಹೊಡೆಯಿರಿ. ಹನ್ನೊಂದರ ಮೇಲೆ ಕಡಲ ಗಾಳಿ ಎದ್ದರೆ ಹಗುರ ಬಿಲ್ಲಿನ ಬಾಣ 30 ಮೀಟರ್‌ಗೇ ಸರಿಯುತ್ತೆ.

ಕುಮಟಾ ಮಾಸ್ತರು:

ನಾನು ನಿವೃತ್ತ ಪಿಟಿ ಮಾಸ್ತರು. ಶಾಲಾ ಕ್ರೀಡಾಕೂಟದಲ್ಲಿ 14, 17, 19 ವರ್ಷದೊಳಗಿನವರು ಅಂತ ವಿಭಾಗ ಇದೆ. ಜನನ ಪ್ರಮಾಣ ಪತ್ರ, ಆಧಾರ್, ಶಾಲೆಯ ದಾಖಲೆ, ಮೂರರಲ್ಲೂ ಹೆಸರು, ಹುಟ್ಟಿದ ದಿನ ಒಂದೇ ಇರಲಿ. ಒಂದು ಅಕ್ಷರದ ತಪ್ಪಿಗೆ ಮಕ್ಕಳು ವಾಪಸ್ ಬಂದದ್ದು ನೋಡಿದ್ದೇನೆ. ದೇಶದೊಳಗಿನ ಕೂಟಗಳಲ್ಲಿ ಬಿದಿರಿನ ಬಿಲ್ಲಿಗೆ ಇಂಡಿಯನ್ ರೌಂಡ್ ಅಂತ ಬೇರೆಯೇ ಸ್ಪರ್ಧೆ ಇದೆ. ಹಾಗಾಗಿ ನಿಮ್ಮ ಕೋಚ್ ಸುಮ್ನೆ ಹೇಳಿದ್ದಲ್ಲ ತಾಯಿ.

ಶಿರಸಿ ತೋಟದವ:

ತಮ್ಮಾ, ತಿದ್ದಿದ್ದು ಒಳ್ಳೆಯದಾಯಿತು. ಒಲಿಂಪಿಕ್ಸ್ ವಿಷಯ ಗೊತ್ತಿರಲಿಲ್ಲ.

ಅಕ್ಕಾ, ಮೊದಲ ಸ್ಪರ್ಧೆಗೆ ಹೋಗುವ ಮೊದಲು ಸೀಟಿಯ ಅಭ್ಯಾಸ ಮಾಡಿಸಿ. ಎರಡು ಸೀಟಿಗೆ ಗೆರೆಗೆ ಬರಬೇಕು, ಒಂದಕ್ಕೆ ಹೊಡೆಯಬೇಕು, ಮೂರಕ್ಕೆ ಬಾಣ ತರಲು ಹೋಗಬೇಕು. ನಮ್ಮ ಕೂಸಿಗೆ ಇದೆಲ್ಲ ಬರುತ್ತಿತ್ತು. ಅಂಕ ಬರೆಯುವ ಮೊದಲು ಬಾಣ ಮುಟ್ಟಬಾರದು ಅನ್ನುವುದೇ ಬರುತ್ತಿರಲಿಲ್ಲ. ಮನೆಯಲ್ಲಿ ಹೋದ ಕೂಡಲೇ ಕೀಳುವ ರೂಢಿ. ಅಲ್ಲೂ ಓಡಿ ಹೋಗಿ ಹಳದಿಯಲ್ಲಿದ್ದ ಬಾಣ ಕಿತ್ತುಬಿಟ್ಟಳು. ತೂತಿಗೆ ಪೆನ್ನಿನ ಗುರುತೂ ಹಾಕಿರಲಿಲ್ಲ. ಅಂಕ ಹೋಯಿತು. ಬಸ್ಸಿನಲ್ಲಿ ಯಲ್ಲಾಪುರದವರೆಗೆ ಮಾತಿಲ್ಲ. ಅಲ್ಲಿ ಇಳಿದು ಮಸಾಲೆ ದೋಸೆ ತಿಂದ ಮೇಲೆ "ಅದು ಒಂಬತ್ತು ಇತ್ತು ಅಪ್ಪಾ" ಅಂದಳು.

ಇನ್ನೊಂದು ಮರೆತಿದ್ದೆ. ಕಣ್ಣು ನೋಡಿದ್ದೀರಾ? ಎರಡೂ ಕೈ ಮುಂದೆ ಚಾಚಿ, ಹೆಬ್ಬೆರಳುಗಳ ನಡುವೆ ಸಣ್ಣ ಕಿಂಡಿ ಮಾಡಿ, ಎರಡೂ ಕಣ್ಣು ತೆರೆದು ದೂರದ ಒಂದು ವಸ್ತು ನೋಡಲಿ. ಆಮೇಲೆ ಒಂದೊಂದೇ ಕಣ್ಣು ಮುಚ್ಚಲಿ. ಯಾವ ಕಣ್ಣಿಗೆ ಆ ವಸ್ತು ಕಿಂಡಿಯಲ್ಲೇ ಉಳಿಯುತ್ತೋ ಅದು ಗುರಿಯ ಕಣ್ಣು. ಬಿಲ್ಲು ಎಡಗೈಯದೋ ಬಲಗೈಯದೋ ಅನ್ನುವುದನ್ನು ಅದು ನೋಡಿಯೇ ಆರಿಸುವುದು.

ಕೋಡಿಬಾಗದ ಅಮ್ಮ:

ಸಂಜೆ ಟಾಗೋರ್ ಬೀಚಿಗೆ ಹೋದಾಗ ದ್ವೀಪದ ಮೇಲಿನ ದೀಪಸ್ತಂಭ ನೋಡಿಸಿದೆ. ನಾಲ್ಕು ಸಲ ಮಾಡಿದಳು, ನಾಲ್ಕೂ ಸಲ ಎಡಗಣ್ಣು. ಬರೆಯುವುದು, ಉಣ್ಣುವುದು ಎಲ್ಲ ಬಲಗೈ! ಅಂಗಡಿಯವರು ಪ್ಯಾಕ್ ಮಾಡಿಡುತ್ತೇವೆ ಅಂದದ್ದು ಬಲಗೈ ಬಿಲ್ಲು. ಈಗ ಏನು ಮಾಡುವುದು?

ಶಿರಸಿ ತೋಟದವ:

ಮೊದಲು ಆ ಪ್ಯಾಕ್ ಬಿಚ್ಚಿಸಿ. ಕೋಚ್ ಹತ್ತಿರ ಎಡಗೈಯಲ್ಲಿ ದಾರ ಎಳೆಯುವ ಹಗುರ ಬಿಲ್ಲು ಇದೆಯಾ ಕೇಳಿ, ಮಳೆಗಾಲದ ಮಟ್ಟಿಗೆ ಕಡ ಕೊಡಬಹುದು. ಬಲಗೈ ರೂಢಿ ಇನ್ನೂ ಹತ್ತೇ ದಿನದ್ದು, ಬಿಡಿಸುವುದು ಕಷ್ಟವಲ್ಲ. ಹುಲ್ಲು ಬೇಕಾದರೆ ನಮ್ಮಲ್ಲಿದೆ. ಮುಂದಿನ ವಾರ ಅಂಕೋಲೆಗೆ ಪಿಕಪ್ ಬರುತ್ತೆ, ಆರು ಕಟ್ಟು ಹಾಕಿ ಕಳಿಸುತ್ತೇನೆ.

ಕೋಡಿಬಾಗದ ಅಮ್ಮ:

ಎಂಟು ಹಾಕಿ ಅಣ್ಣಾ. ಫ್ರಿಜ್ಜಿನ ಮುಂದೆಯೂ ಎರಡು ಬೇಕು.