ಮಂಡಿನೋವಿನ ಅಮ್ಮನ ಜೊತೆ ಡುಬ್ರೋವ್ನಿಕ್: ಕೋಟೆ ಗೋಡೆ ಹತ್ತಲೇಬೇಕಾ?

ಪ್ರಶ್ನೆ: ತುಂಗೆಯ ಮಗಳು

ನಮಸ್ಕಾರ. ನಾವಿರೋದು ಸ್ಟುಟ್‌ಗಾರ್ಟ್‌ನಲ್ಲಿ. ಶಿವಮೊಗ್ಗದಿಂದ ಅಪ್ಪ, ಅಮ್ಮ ಬರ್ತಿದಾರೆ. ಸೆಪ್ಟೆಂಬರ್ ಕೊನೆಗೆ ಕ್ರೊಯೇಷಿಯಾದ ಡುಬ್ರೋವ್ನಿಕ್‌ಗೆ ಕರ್ಕೊಂಡು ಹೋಗೋಣ ಅಂತ ಟಿಕೆಟ್ ಮಾಡಿಬಿಟ್ಟೆ. ಆಮೇಲೆ ನೋಡಿದ್ರೆ ಎಲ್ಲಾ ವಿಡಿಯೋದಲ್ಲೂ ಮೆಟ್ಟಿಲು, ಮೆಟ್ಟಿಲು, ಮೆಟ್ಟಿಲು. ಅಮ್ಮನಿಗೆ 66, ಎಡಗಾಲಿನ ಮಂಡಿ ತೀರಾ ನೋವು. "ಗೋಡೆ ಹತ್ತೋಕೆ ಅಷ್ಟು ದೂರ ಯಾಕೆ ಹೋಗ್ಬೇಕೇ, ಚಿತ್ರದುರ್ಗ ಇಲ್ವಾ" ಅಂತಿದಾರೆ. ಇರೋದು ಒಂದೂವರೆ ದಿನ. ಓಡಾಡಿಸದೆ, ನಿಧಾನಕ್ಕೆ ಕೂತು ಎದ್ದು ನೋಡೋ ಹಾಗಿದೆಯಾ ಊರು? ಇಬ್ರೂ ಸಸ್ಯಾಹಾರಿಗಳು, ಮೊಟ್ಟೆನೂ ಇಲ್ಲ.

ಉತ್ತರ 1: ಆಮೆನಡಿಗೆ

ಧೈರ್ಯವಾಗಿ ಹೋಗಿ. ನಾನು 2019ರ ಮೇನಲ್ಲಿ ನಮ್ಮಪ್ಪನ ಜೊತೆ ಹೋಗಿದ್ದೆ. ಅವರು ನೀರು ಸರಬರಾಜಿನ ಎಂಜಿನಿಯರ್ ಆಗಿ ರಿಟೈರ್ ಆದವರು. ಗೋಡೆ ಮೇಲೆ ಒಂದು ಹೆಜ್ಜೆನೂ ಇಡಲಿಲ್ಲ ನಾವು. ಇವತ್ತಿಗೂ ಅಪ್ಪ ಹೆಚ್ಚು ಮಾತಾಡೋದು ಆ ಪ್ರವಾಸದ ಬಗ್ಗೆನೇ.

ಬಸ್ಸು ಪಿಲೆ ಅನ್ನೋ ಪಶ್ಚಿಮ ದ್ವಾರದ ಹತ್ರ ಇಳಿಸುತ್ತೆ. ಒಳಗೆ ಕಾಲಿಡ್ತಿದ್ದ ಹಾಗೇ ಬಲಕ್ಕೆ ಒಂದು ದೊಡ್ಡ ದುಂಡನೆ ಕಾರಂಜಿ ಇದೆ, ಮೇಲೊಂದು ಗುಮ್ಮಟ, ಸುತ್ತ 16 ಕಲ್ಲಿನ ಮುಖಗಳ ಬಾಯಿಂದ ನೀರು. ನೇಪಲ್ಸ್ ಕಡೆಯ ಒನೋಫ್ರಿಯೋ ಅನ್ನೋನು 1438ರಲ್ಲಿ ಕಟ್ಟಿದ್ದು. ಸುಮಾರು 12 ಕಿ.ಮೀ. ದೂರದ ಚಿಲುಮೆಯಿಂದ ಕಾಲುವೆಯಲ್ಲಿ ನೀರು ತಂದಿದ್ದಾನೆ, ಬರೀ ಇಳಿಜಾರಿನ ಮೇಲೆ. ಅಪ್ಪ ಅಲ್ಲೇ ಕೂತುಬಿಟ್ರು. "ಪಂಪಿಲ್ಲ, ಲೆವೆಲಿಂಗ್ ಯಂತ್ರ ಇಲ್ಲ, 12 ಕಿಲೋಮೀಟರ್‌ಗೆ ಇಳಿಜಾರು ಹೆಂಗೋ ಹಿಡಿದ ಇವ್ನು?" ಅಂತ ನಲವತ್ತು ನಿಮಿಷ. ಸ್ಟೀಲ್ ಬಾಟಲಿ ತುಂಬಿಸ್ಕೊಂಡು, ಕುಡಿದು, ಚೆಲ್ಲಿ, ಮತ್ತೆ ತುಂಬಿಸ್ಕೊಂಡ್ರು. ಸುತ್ತ ಕಟ್ಟೆ ಇದೆ, ಅಮ್ಮನೂ ಆರಾಮಾಗಿ ಕೂರಬಹುದು.

ಅದರ ಎದುರಿಗೇ ಫ್ರಾನ್ಸಿಸ್ಕನ್ ಮಠ. ಒಳಗಿರೋ ಔಷಧದಂಗಡಿ 1317ರದ್ದು, ಈಗಲೂ ವ್ಯಾಪಾರ ಮಾಡುತ್ತೆ. ಅದರ ಅಂಗಳದ ಜೋಡಿ ಕಂಬಗಳನ್ನ ತಪ್ಪಿಸ್ಕೋಬೇಡಿ, ನೆರಳಿದೆ, ಗದ್ದಲ ಇಲ್ಲ.

ಇಲ್ಲಿಂದ ಸ್ಟ್ರಾದುನ್, ಊರಿನ ದೊಡ್ಡ ಬೀದಿ. ಮುನ್ನೂರು ಮೀಟರ್ ಆಗಬಹುದು, ಹಪ್ಪಳದ ಮಣೆ ಹಾಗೆ ಚಪ್ಪಟೆ. ಒಂದು ಕಾಲದಲ್ಲಿ ಇಲ್ಲಿ ಕೆಸರು ನೀರು ನಿಂತಿತ್ತು. ಆ ಕಡೆ ಒಂದೂರು, ಈ ಕಡೆ ಒಂದೂರು, ನಡುವೆ ತುಂಬಿಸಿದ ಜಾಗವೇ ಬೀದಿ. ಅದಕ್ಕೇ ಅಮ್ಮನ ಮಂಡಿಗೆ ಇಲ್ಲಿ ತೊಂದರೆ ಇಲ್ಲ. ಉತ್ತರಕ್ಕೆ ಹೋಗೋ ಓಣಿಗಳು ಮಾತ್ರ ನೇರ ಏಣಿ, ಕೆಳಗೆ ನಿಂತು ಫೋಟೋ ತೆಗೆದು ಮುಂದೆ ಹೋಗಿ. ಒಂದು ಎಚ್ಚರಿಕೆ: ಕಾಲಿಗೆ ಸವೆದು ಸವೆದು ಆ ಕಲ್ಲು ಕನ್ನಡಿ ಆಗಿದೆ. ಬೆಳಿಗ್ಗೆ ತೊಳೆದಿದ್ದ ಕಡೆ ನಾನು ಸರಿಯಾಗಿ ಜಾರಿ ಬಿದ್ದೆ, ಅಪ್ಪ ಅಲ್ಲ. ರಬ್ಬರ್ ಸೋಲ್ ಹಾಕಿಸಿ.

ಎರಡೂ ಕಡೆ ಮನೆಗಳು ಒಂದೇ ಎತ್ತರ, ಒಂದೇ ಥರ. 1667ರ ಏಪ್ರಿಲ್ 6ರ ಭೂಕಂಪದಲ್ಲಿ ಊರಿನ ಬಹುಪಾಲು ನೆಲಸಮ ಆಗಿ, ಆಮೇಲೆ ನಿಯಮ ಮಾಡಿ ಕಟ್ಟಿದ್ದು. ಕೆಳಗಿನ ಅಂಗಡಿ ಬಾಗಿಲು ಗಮನಿಸಿ. ಒಂದೇ ಕಮಾನಿನಲ್ಲಿ ಅರ್ಧ ಬಾಗಿಲು, ಅರ್ಧ ಕಟ್ಟೆ. ಆಗೆಲ್ಲ ಗಿರಾಕಿ ಹೊರಗೇ ನಿಲ್ಲಬೇಕಿತ್ತು, ಸಾಮಾನು ಕಟ್ಟೆ ಮೇಲಿಂದ ಬರ್ತಿತ್ತು. ನಮ್ಮೂರ ಶೆಟ್ರ ಅಂಗಡಿನೇ!

ಬೀದಿ ಮುಗಿಯೋ ಕಡೆ ಒರ್ಲಾಂಡೋ ಅನ್ನೋ ವೀರನ ಕಲ್ಲಿನ ಕಂಬ ಇದೆ, 1418ರದ್ದು. ಅವನ ಮೊಣಕೈಯಿಂದ ಮುಂದಿನ ಉದ್ದವೇ ಊರಿನ ಬಟ್ಟೆ ವ್ಯಾಪಾರದ ಅಳತೆ, 51.2 ಸೆಂ.ಮೀ. ಅವರ ಭಾಷೆಯಲ್ಲಿ 'ಲಾಕತ್', ಅಂದ್ರೆ ಮೊಣಕೈ. ನಮ್ಮ ಮೊಳ ಅಲ್ವಾ ಇದು?

ಪಕ್ಕದಲ್ಲೇ ರೆಕ್ಟರ್ ಅರಮನೆ. ಈ ಊರು ಆಗ ರಾಜರಿಲ್ಲದ ಗಣರಾಜ್ಯ, ವ್ಯಾಪಾರಿ ಮನೆತನಗಳದ್ದೇ ಆಳ್ವಿಕೆ. ರೆಕ್ಟರ್ ಅಂದ್ರೆ ಮುಖ್ಯಸ್ಥ, ಅಧಿಕಾರ ಒಂದೇ ತಿಂಗಳು. ಆ ತಿಂಗಳು ಸರ್ಕಾರಿ ಕೆಲಸ ಬಿಟ್ಟು ಬೇರೆ ಯಾವುದಕ್ಕೂ ಅರಮನೆಯಿಂದ ಆಚೆ ಬರೋ ಹಾಗಿಲ್ಲ. "ಒಂದು ತಿಂಗಳಾ? ಫೈಲು ತರಿಸಿ ಓದೋದ್ರಲ್ಲೇ ಮುಗೀತು" ಅಂದ್ರು ಅಪ್ಪ. ಬಾಗಿಲ ಮೇಲೆ ಲ್ಯಾಟಿನ್‌ನಲ್ಲಿ 'ಸ್ವಂತದ್ದು ಮರೆತು ಸಾರ್ವಜನಿಕರದ್ದು ನೋಡಿ' ಅನ್ನೋ ಅರ್ಥದ ಸಾಲಿದೆ. ಅದನ್ನ ಡೈರಿಯಲ್ಲಿ ಬರ್ಕೊಂಡ್ರು, ಏನೂ ಮಾತಾಡಲಿಲ್ಲ.

ಸಂಜೆ ಹಳೇ ಬಂದರಿನ ತುದಿಗೆ, ಪೊರ್ಪೊರೇಲಾ ಅನ್ನೋ ಅಲೆತಡೆಗೆ ಹೋಗಿ. ಎದುರಿಗೆ ಲೋಕ್ರುಮ್ ದ್ವೀಪ. ನಾವು ಏನೂ ಮಾಡದೆ ಒಂದೂವರೆ ಗಂಟೆ ಕೂತಿದ್ವಿ.

ಪೂರ್ವದ ಪ್ಲೋಚೆ ದ್ವಾರದ ಆಚೆ ಲಜಾರೆತಿ ಅನ್ನೋ ಉದ್ದನೆ ಕಟ್ಟಡಗಳಿವೆ, ಹೊರಗಿಂದ ಬಂದೋರನ್ನ ಪ್ರತ್ಯೇಕ ಇಡ್ತಿದ್ದ ಜಾಗ. ಪ್ಲೇಗ್ ಇರೋ ಊರಿಂದ ಬಂದವರು ಒಂದು ತಿಂಗಳು ಆಚೆ ಇದ್ದೇ ಒಳಗೆ ಬರಬೇಕು ಅಂತ ಈ ಊರು 1377ರಲ್ಲೇ ಕಾನೂನು ಮಾಡಿತ್ತು. ನನಗೆ ಆಗ ಹಸಿವಾಗಿತ್ತು, ಅಪ್ಪನ್ನ ಎಳ್ಕೊಂಡು ಬಂದೆ. 2020ರ ಏಪ್ರಿಲ್‌ನಲ್ಲಿ ಫೋನ್ ಮಾಡಿ, "ಅವತ್ತು ನೋಡೋಕೆ ಬಿಡಲಿಲ್ಲ ನೀನು, ಈಗ ಮನೇಲಿ ಕೂತು ಅನುಭವಿಸು" ಅಂದ್ರು.

ಉತ್ತರ 2: ಹಡಗಿನ ಭಟ್ರು

ನಾನು ಮಂಗಳೂರಿನವ, ಪ್ರಯಾಣಿಕರ ಹಡಗಿನಲ್ಲಿ ಏಳು ವರ್ಷ ಇದ್ದೆ. ಡುಬ್ರೋವ್ನಿಕ್‌ಗೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕ ಇಲ್ಲ ಮಾರಾಯ್ರೆ. ಮೇಲಿನವರು ಒಂದು ವಿಷಯ ಬಿಟ್ಟಿದ್ದಾರೆ: ನಮ್ಮಂಥ ಹಡಗಿನವರು! ದೊಡ್ಡ ಹಡಗುಗಳು ನಿಲ್ಲುವುದು ಗ್ರುಜ್ ಬಂದರಿನಲ್ಲಿ. ಅಲ್ಲಿಂದ ಬಸ್ಸಿನಲ್ಲಿ ಜನರನ್ನು ತಂದು ಪಿಲೆ ದ್ವಾರದಲ್ಲಿ ಸುರಿಯುತ್ತಾರೆ. ಸೆಪ್ಟೆಂಬರ್‌ನಲ್ಲೂ ಸೀಸನ್ ಉಂಟು. ಹತ್ತರಿಂದ ಮೂರರವರೆಗೆ ಆ ಬಾಗಿಲಲ್ಲಿ ನಿಲ್ಲಲಿಕ್ಕೂ ಜಾಗ ಇಲ್ಲ. ಬೆಳಿಗ್ಗೆ ಏಳೂವರೆಗೆ ಒಳಗೆ ಹೋಗಿ, ಮಧ್ಯಾಹ್ನ ರೂಮಿನಲ್ಲಿ ಮಲಗಿ, ಐದಕ್ಕೆ ಪುನಃ ಬನ್ನಿ. ರೂಮು ಕೋಟೆಯ ಒಳಗೆ ಬೇಡ, ಹೆಚ್ಚಿನ ಮನೆಗೆ ಪೆಟ್ಟಿಗೆ ಹೊತ್ತು ಮೆಟ್ಟಿಲು ಹತ್ತಬೇಕು. ಲಾಪಾದ್ ಕಡೆ ಮಾಡಿ, ಸಿಟಿ ಬಸ್ಸು ಧಾರಾಳ ಉಂಟು.

ಗೋಡೆ ಸುತ್ತು ಸುಮಾರು ಎರಡು ಕಿಲೋಮೀಟರ್, ಒಂದೇ ದಿಕ್ಕಿನಲ್ಲಿ ನಡೆಯಬೇಕು, ನೆರಳಿಲ್ಲ. ಅಮ್ಮನಿಗೆ ಬೇಡವೇ ಬೇಡ. ಅದರ ಬದಲು ಕೇಬಲ್ ಕಾರಿನಲ್ಲಿ ಸರ್ಜ್ ಗುಡ್ಡಕ್ಕೆ ಹೋಗಿ, 412 ಮೀಟರ್ ಎತ್ತರ, ಐದು ನಿಮಿಷವೂ ಬೇಡ. ಮೇಲಿನಿಂದ ಹಂಚು ನೋಡಿ. ಮಂಗಳೂರು ಹಂಚಿನ ಕೆಳಗೆ ಬೆಳೆದವನಿಗೆ ಹೇಳಿಕೊಡುವುದು ಬೇಡ: ಇಡೀ ಊರಿನ ಮಾಡು ಕೆಂಪು ಕೆಂಪು ಹೊಸತು, ನಡುವೆ ಅಲ್ಲಲ್ಲಿ ಮಾಸಿದ ಹಳೇ ಹಂಚು. ಕ್ರೊಯೇಷಿಯಾ ಯುಗೊಸ್ಲಾವಿಯಾದಿಂದ ಬೇರೆಯಾಗುವಾಗ ಯುದ್ಧ ಆಯಿತು, 1991ರ ಡಿಸೆಂಬರ್ 6ರಂದು ಹಳೇ ಊರಿನ ಮೇಲೆಯೇ ಶೆಲ್ ಬಿತ್ತು. ಆ ಯುದ್ಧದ ನಂತರ ಹಾಕಿದ ಮಾಡುಗಳು ಇವು. ಮಾಸಿದ್ದು ಉಳಿದದ್ದು. ಕೆಳಗೆ ನಡೆಯುವಾಗ ಇದು ಕಾಣುವುದೇ ಇಲ್ಲ.

ಉತ್ತರ 3: ಒಗ್ಗರಣೆ ಡಬ್ಬಿ

ಊಟದ ಬಗ್ಗೆ ಮಾತ್ರ ಹೇಳ್ತೀನಿ. 'ಬೆಜ್ ಮೇಸಾ, ಬೆಜ್ ರಿಬೆ' ಕಲಿಸಿಡಿ: ಮಾಂಸ ಬೇಡ, ಮೀನು ಬೇಡ. ಸಮುದ್ರದ ಊರು, ರಿಸೊತ್ತೋ ಅನ್ನಕ್ಕೂ ಮೀನಿನ ಸಾರು ಹಾಕಿರ್ತಾರೆ, ಕೇಳಲೇಬೇಕು. 'ಬ್ಲಿತ್ವಾ' ಅಂತ ಸೊಪ್ಪು, ಆಲೂಗಡ್ಡೆ, ಬೆಳ್ಳುಳ್ಳಿ, ಆಲಿವ್ ಎಣ್ಣೆಯದ್ದು ಸಿಗುತ್ತೆ, ನಮ್ಮ ಪಲ್ಯಕ್ಕೆ ಹತ್ತಿರ. ಬೇಕರಿಗೆ 'ಪೆಕಾರಾ' ಅಂತ ಬೋರ್ಡು. ಬೆಳಿಗ್ಗೆ ಗುಂದುಲಿಚ್ ಚೌಕದ ಸಂತೆಯಲ್ಲಿ ಒಣ ಅಂಜೂರ, ಸಕ್ಕರೆ ಹಚ್ಚಿದ ಕಿತ್ತಳೆ ಸಿಪ್ಪೆ ತಗೊಳ್ಳಿ. ಚೀಲದಲ್ಲಿ ಗಟ್ಟಿ ಅವಲಕ್ಕಿ ಇರಲಿ, ಮೊಸರು ಎಲ್ಲೆಡೆ ಸಿಗುತ್ತೆ. 2023ರಿಂದ ಅಲ್ಲೂ ಯೂರೋ, ಷೆಂಗೆನ್ ವೀಸಾನೇ ಸಾಕು.

ತುಂಗೆಯ ಮಗಳು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ವಿಡಿಯೋ ಕಾಲ್‌ನಲ್ಲಿ ಪೂರ್ತಿ ಓದಿ ಹೇಳಿದೆ. ಲಾಪಾದ್‌ನಲ್ಲಿ ರೂಮು ಬುಕ್ ಆಯ್ತು, ಗೋಡೆ ಕ್ಯಾನ್ಸಲ್. ಅಪ್ಪನಿಗೆ ಹಂಚು ನೋಡ್ಬೇಕಂತೆ. ಅಮ್ಮ ಮಾತ್ರ ಒರ್ಲಾಂಡೋ ಮೊಳಕ್ಕೆ ನಿಂತುಬಿಟ್ಟಿದಾರೆ: "ಐವತ್ತೊಂದು ಸೆಂಟಿಮೀಟರಾ? ನಮ್ಮ ಗಾಂಧಿ ಬಜಾರಿನ ಹೂವಿನವಳು ಒಂದು ದಿನಾನೂ ಅಷ್ಟು ಕೊಟ್ಟಿಲ್ಲ." ಹೊಲಿಗೆ ಡಬ್ಬಿಯಿಂದ ಟೇಪ್ ತೆಗೆದು ಸೂಟ್‌ಕೇಸಿಗೆ ಹಾಕ್ಕೊಂಡ್ರಂತೆ.

ಆಮೆನಡಿಗೆ

ಕೈ ಎಟುಕಲ್ಲ, ಎತ್ತರದಲ್ಲಿದೆ. ಕಂಬದ ಅಡಿಯ ಕಲ್ಲಲ್ಲಿ ಅದೇ ಉದ್ದದ ಗೆರೆ ಕೊರೆದಿದ್ದಾರೆ, ಅಮ್ಮ ಟೇಪ್ ಅಲ್ಲಿಡಲಿ. ಹೆಚ್ಚು ಬಗ್ಗೋಕೆ ಬಿಡಬೇಡಿ, ಇನ್ನೊಂದು ತುದಿ ನೀವು ಹಿಡ್ಕೊಳ್ಳಿ.