ದೊಡ್ಡ ಅಕ್ವೇರಿಯಂ ಇರುವ ಮನೆಗೆ ಯಾವ ನೆಲ? ಅನುಭವ ಇದ್ದವರು ಹೇಳಿ

ಹೊಸಮನೆ: ಹಾಲ್‌ನಲ್ಲಿ 5 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ಸಿಹಿನೀರಿನ ಟ್ಯಾಂಕ್ ಇಡಬೇಕು. ಅದಕ್ಕೂ ಮೊದಲು ಹಳೆ ನೆಲ ಕೀಳಿಸುತ್ತಿದ್ದೇವೆ. ಲ್ಯಾಮಿನೇಟ್, ವಿನೈಲ್, ವಿಟ್ರಿಫೈಡ್ ಟೈಲ್ಸ್, ಯಾವುದು ಬಾಳಿಕೆ ಬರುತ್ತದೆ? ಮನೆಯಲ್ಲಿ ವಯಸ್ಸಾದವರಿದ್ದಾರೆ, ಜಾರಬಾರದು.

ಗಪ್ಪಿಗೂಡು: ಲ್ಯಾಮಿನೇಟ್ ಹೆಸರೆತ್ತಬೇಡಿ. ನಮಗೆ ವಾಟರ್‌ಪ್ರೂಫ್ ಅಂತ ಹೇಳಿಯೇ ಹಾಕಿದ್ದು. ಫಿಲ್ಟರ್ ಪೈಪಿನ ಜಾಯಿಂಟ್‌ನಿಂದ ಹನಿ ಹನಿಯಾಗಿ ಸ್ಟ್ಯಾಂಡ್ ಹಿಂದೆ ಇಳಿದಿದೆ, ಯಾರ ಕಣ್ಣಿಗೂ ಬಿದ್ದಿಲ್ಲ. ಹಲಗೆಗಳ ಅಂಚು ನೆನೆದ ರಟ್ಟಿನ ಹಾಗೆ ಎದ್ದು ಬಂದಾಗ ಗೊತ್ತಾಯಿತು. ಒಳಗಿರುವುದು ಮರದ ಪುಡಿ ಒತ್ತಿ ಮಾಡಿದ ಬೋರ್ಡ್ ತಾನೆ, ಒಮ್ಮೆ ಉಬ್ಬಿದರೆ ಇಳಿಯುವ ಮಾತೇ ಇಲ್ಲ. ಆಮೇಲಿನ ಖರ್ಚು ಕೇಳಿ. ನೀರು ಖಾಲಿ ಮಾಡಿಸುವ ಕೂಲಿ, ಮೀನು ಬಿಡಲು ಡ್ರಮ್ಮು, ಅದಕ್ಕೊಂದು ಏರ್ ಪಂಪ್, ಸ್ಟ್ಯಾಂಡ್ ಎತ್ತಲು ಜನ, ಸ್ಕರ್ಟಿಂಗ್ ಕಿತ್ತು ಮತ್ತೆ ಹೊಡೆಸಿದ್ದು. ಅದೇ ಬಣ್ಣದ ಹಲಗೆ ಸಿಗಲಿಲ್ಲ, ಹಾಲ್ ಪೂರ್ತಿ ಬದಲಾಯಿಸಬೇಕಾಯಿತು. ಫಿಲ್ಟರ್ ಒಣಗಿ ಮೀನಿನ ಹೊಲಸಿನ ಅಮೋನಿಯಾ ತಿನ್ನುವ ಒಳ್ಳೆ ಬ್ಯಾಕ್ಟೀರಿಯಾ ಸತ್ತು, ಅದು ನೀರಿನಲ್ಲಿ ಏರಿ ಅರ್ಧ ಮೀನು ಹೋದವು. ಅದರ ಲೆಕ್ಕ ಯಾರು ಕೊಡುತ್ತಾರೆ?

ನೀಲಿಡಿಸ್ಕಸ್: ಅದಕ್ಕೇ ನಾವು ಎಸ್‌ಪಿಸಿ ವಿನೈಲ್, ಅಂದರೆ ಕಲ್ಲಿನ ಪುಡಿ ಮತ್ತು ಪ್ಲಾಸ್ಟಿಕ್ ಸೇರಿಸಿ ಮಾಡಿದ ಗಟ್ಟಿ ಹಲಗೆ ಹಾಕಿಸಿದ್ದು. ಬಕೆಟ್ ಉರುಳಿದರೂ ಒರೆಸಿದರೆ ಆಯಿತು. ಕಾಲಿಗೂ ಹಿತ. ಒಂದು ಹಳದಿ ಕಲೆ ಬಿದ್ದಿದೆ, ಅದು ರಬ್ಬರ್ ಮ್ಯಾಟ್‌ನಿಂದ. ವಿನೈಲ್ ಮೇಲೆ ರಬ್ಬರ್ ಹಾಸಲೇಬೇಡಿ, ಎಷ್ಟು ಉಜ್ಜಿದರೂ ಹೋಗುವುದಿಲ್ಲ.

ಕಲ್ಲುನೆಲ: ಸುಮ್ನೆ ಹೊಗಳಬೇಡಿ. ಹಲಗೆಗೆ ಏನೂ ಆಗಲಿಕ್ಕಿಲ್ಲ, ಸಂದಿಯಿಂದ ಕೆಳಗೆ ಹೋದ ನೀರು? ಅಲ್ಲೇ ನಿಂತು ಬೂಷ್ಟು ಹಿಡಿಯುತ್ತದೆ. ಅಲ್ಲದೆ ಈ ಟ್ಯಾಂಕ್ ತುಂಬಿಸಿದರೆ ನೀರೇ ಸುಮಾರು 560 ಕೆಜಿ. ಗಾಜು, ಕಲ್ಲು, ಮರಳು, ಸ್ಟ್ಯಾಂಡ್ ಸೇರಿದರೆ 700 ದಾಟುತ್ತದೆ. ಒಂದಕ್ಕೊಂದು ಸಿಕ್ಕಿಸುವ ಈ ಕ್ಲಿಕ್ ಹಲಗೆ ಬಿಸಿಗೆ ಹಿಗ್ಗಬೇಕು, ಚಳಿಗೆ ಕುಗ್ಗಬೇಕು. ಅಷ್ಟು ಭಾರ ಒಂದು ಕಡೆ ಅದುಮಿ ಹಿಡಿದರೆ ಇನ್ನೊಂದು ಕಡೆ ಲಾಕ್ ಬಿಟ್ಟುಕೊಳ್ಳುತ್ತದೆ. ವಿಟ್ರಿಫೈಡ್ ಟೈಲ್ಸ್ ನೀರು ಹೀರುವುದು 0.5 ಶೇಕಡಕ್ಕಿಂತ ಕಡಿಮೆ. ಸಂದಿಗೆ ನೀರು ಹೀರದ ಎಪಾಕ್ಸಿ ಗ್ರೌಟ್ ತುಂಬಿಸಿ, ಮರೆತುಬಿಡಿ.

ನೀಲಿಡಿಸ್ಕಸ್: ಮರೆತುಬಿಡಿ ಅನ್ನುವುದು ಸುಲಭ ಸ್ವಾಮಿ. ನಮ್ಮಣ್ಣನ ಮನೆಯಲ್ಲಿ ಸ್ಟ್ಯಾಂಡಿನ ಕಾಲಡಿಯೇ ಟೈಲ್ಸ್ ಸೀಳಿತು. ಕೆಳಗೆ ಗಾರೆ ಸರಿಯಾಗಿ ತುಂಬಿರಲಿಲ್ಲ, ಟೊಳ್ಳು. ನಾಣ್ಯದಲ್ಲಿ ತಟ್ಟಿ ನೋಡದೆ ಅಷ್ಟು ಭಾರ ಇಡುತ್ತಾರಾ? ನಯವಾದ ಟೈಲ್ಸ್ ಮೇಲೆ ನೀರು ಚೆಲ್ಲಿದರೆ ಏನಾಗುತ್ತದೆ ಅಂತ ಅತ್ತಿಗೆಯ ಸೊಂಟವನ್ನು ಕೇಳಿ.

ಕಲ್ಲುನೆಲ: ಅದು ಮೇಸ್ತ್ರಿ ತಪ್ಪು, ಟೈಲ್ಸ್‌ದಲ್ಲ. ಮ್ಯಾಟ್ ಫಿನಿಶ್ ಅಂತ ಒಂದಿದೆ, ಕೇಳಿದ್ದೀರಾ? ಕಾಲುಗಳಿರುವ ಸ್ಟ್ಯಾಂಡ್ ಇಟ್ಟಿದ್ದೇ ತಪ್ಪು. ಭಾರ ಹರಡುವ ಹಾಗೆ ಅಡಿಯಲ್ಲಿ ಪೂರ್ತಿ ಚೌಕಟ್ಟು ಇರಬೇಕು.

ಉಪ್ಪುನೀರು: ನಮ್ಮದು ಸಮುದ್ರದ ಮೀನು, ನೆಲ ಅಮೃತಶಿಲೆ. ಗಾಜಿನ ಬಿಳಿ ಕಲೆ ತೆಗೆಯಲು ಸರ್ವಿಸ್‌ನವನು ವಿನೆಗರ್ ಹಾಕಿದ, ಅದು ನೆಲಕ್ಕೆ ತೊಟ್ಟಿಕ್ಕಿತು. ಬಿದ್ದಲ್ಲೆಲ್ಲ ಹೊಳಪು ಹೋಗಿ ಮಂಕು ಚುಕ್ಕೆ. ಪಾಲಿಶ್‌ನವನು ಬಂದು ನೋಡಿ, ಬರೀ ಅಷ್ಟು ಜಾಗಕ್ಕೆ ಮಾಡಿದರೆ ಎದ್ದು ಕಾಣುತ್ತದೆ, ಇಡೀ ಕೋಣೆಗೆ ಮಾಡಬೇಕು ಎಂದ. ಮಾಡಿಸಿದೆ, ಬೇರೆ ದಾರಿ ಇತ್ತಾ? ಇಷ್ಟಾದರೂ ಕರೆಂಟ್ ಹೋದಾಗ ಸಂಪ್, ಅಂದರೆ ಟ್ಯಾಂಕ್ ಕೆಳಗಿಟ್ಟ ಫಿಲ್ಟರ್ ತೊಟ್ಟಿ, ತುಂಬಿ ಹರಿದದ್ದರ ಮುಂದೆ ಅದೇನೂ ಅಲ್ಲ.

ಗಪ್ಪಿಗೂಡು: ಸಂಪ್ ಇಟ್ಟರೆ ಹರಿಯದೆ ಇನ್ನೇನು. ಮುಚ್ಚಿದ ಡಬ್ಬಿಯಂಥ ಕ್ಯಾನಿಸ್ಟರ್ ಫಿಲ್ಟರ್ ಇಡಿ ಅಂತ ಎಷ್ಟು ಸಲ ಬಡಿದುಕೊಳ್ಳುವುದು.

ಉಪ್ಪುನೀರು: ಕ್ಯಾನಿಸ್ಟರ್ ಪೈಪ್ ಸೋರಿ ಹಾಲ್ ಹಾಳು ಮಾಡಿಕೊಂಡವರು ನೀವೇ ಅಲ್ವಾ? ಸಂಪ್‌ನಿಂದ ಟ್ಯಾಂಕಿಗೆ ನೀರು ಏರಿಸುವ ರಿಟರ್ನ್ ಪೈಪಿಗೆ ಟ್ಯಾಂಕಿನ ನೀರಿನ ಮಟ್ಟದಲ್ಲಿ ಸಣ್ಣ ತೂತು ಕೊರೆದರೆ ಪಂಪ್ ನಿಂತ ಕೂಡಲೇ ಗಾಳಿ ಎಳೆದು ಸೈಫನ್, ಅಂದರೆ ಟ್ಯಾಂಕ್ ನೀರು ಅದೇ ಪೈಪಿನಲ್ಲಿ ತಾನಾಗಿ ಕೆಳಗಿಳಿಯುವುದು, ಕಡಿಯುತ್ತದೆ. ಫಿಟ್ ಮಾಡಿದವನು ಅದನ್ನು ಮಾಡಿರಲಿಲ್ಲ.

ನೀಲಿಡಿಸ್ಕಸ್: ಆ ತೂತಿಗೆ ಪಾಚಿ ಕಟ್ಟಿಕೊಂಡರೆ?

ಉಪ್ಪುನೀರು: ಟೂತ್‌ಪಿಕ್ ಹಾಕಿ ಬಿಡಿಸಬೇಕು. ಮೀನು ಸಾಕುವವರು ಅಷ್ಟೂ ಮಾಡದಿದ್ದರೆ ಗೋಡೆಗೆ ಮೀನಿನ ಫೋಟೋ ಹಾಕಿಕೊಳ್ಳಲಿ.