ಎಲ್ಲಾ ಬೇಟೆಗೂ ಆಗುವ ಒಂದೇ ನಾಯಿ ಯಾವುದು? ಡಾಕ್ಟರ್ ಮೇಡಂ ಜೊತೆ ಪ್ರಶ್ನೋತ್ತರ

ಅಡ್ಮಿನ್: ನಮ್ಮ ಬೆಂಗಳೂರು ಶ್ವಾನ ಬಳಗದ ಪಶುವೈದ್ಯೆ ಮೇಡಂ ಇವತ್ತು ಸಂಜೆ ಸಿಗುತ್ತಾರೆ. ವಿಷಯ ಬೇಟೆ ನಾಯಿ ತಳಿಗಳು. ಮೇಲಿನದ್ದನ್ನು ಓದಿ ಆಮೇಲೆ ಕೇಳಿ. ಮರಿ ಮಾರಾಟದ ಪೋಸ್ಟ್ ಹಾಕಿದರೆ ತೆಗೆಯುತ್ತೇನೆ.

ಕಗ್ಗಲೀಪುರ ತೋಟ: ನಮಸ್ಕಾರ ಮೇಡಂ. ಕನಕಪುರ ರಸ್ತೆಯಲ್ಲಿ ನಮ್ಮದೊಂದು ತೋಟ ಇದೆ. ಮೊಲ, ಕೌಜುಗ ಜಾಸ್ತಿ. ಯೂಟ್ಯೂಬ್‌ನಲ್ಲಿ ಜರ್ಮನ್ ಶಾರ್ಟ್‌ಹೇರ್ಡ್ ಪಾಯಿಂಟರ್ ನೋಡಿದೆ. ಹಕ್ಕಿ ಹುಡುಕುತ್ತದೆ, ನಿಂತು ತೋರಿಸುತ್ತದೆ, ನೀರಿಗೆ ಇಳಿದು ಎತ್ತಿಕೊಂಡೂ ಬರುತ್ತದೆ. ಅದನ್ನು ತರಲಾ, ಮುಧೋಳ ತರಲಾ?

ಡಾಕ್ಟರ್: ಮೊದಲು ಒಂದು ಮಾತು. ಇಲ್ಲಿ ಮೊಲ, ಕೌಜುಗ ಹೊಡೆಯುವ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಜಮೀನು ನಿಮ್ಮದೇ ಆದರೂ ಅಷ್ಟೇ. ಕೋವಿಯೇ ಬೇಕು ಅಂತಿಲ್ಲ, ನಾಯಿ ಬಿಟ್ಟು ಅಟ್ಟಿಸಿದರೂ ಕಾಯ್ದೆಯ ಲೆಕ್ಕದಲ್ಲಿ ಅದು ಬೇಟೆ. ಸಿಗದಿದ್ದರೆ ಪ್ರಯತ್ನ ಮಾಡಿದ್ದಕ್ಕೇ ಕೇಸು. ತೋಟ ಕಾಯೋಕೆ, ಜೊತೆಗೆ ಓಡಾಡೋಕೆ ಅಂದರೆ ತಳಿ ಹೇಳುತ್ತೇನೆ. ಬೇಟೆಗೆ ಅಂದರೆ ಇಲ್ಲ.

ಕಗ್ಗಲೀಪುರ ತೋಟ: ಅಯ್ಯೋ ಸುಮ್ನೆ ಕೇಳಿದೆ ಮೇಡಂ. ಓಡಾಡೋಕೇ ಅಂದುಕೊಳ್ಳಿ.

ಡಾಕ್ಟರ್: ಹಾಗಾದರೆ ಎರಡೂ ಬೇರೆ ಬೇರೆ ಕೆಲಸದ ನಾಯಿ ಅಂತ ತಿಳಿದುಕೊಳ್ಳಿ. ಮುಧೋಳ ಕಣ್ಣಿನಿಂದ ಬೇಟೆಯಾಡುವ ನಾಯಿ. ದೂರದಲ್ಲಿ ಏನಾದರೂ ಓಡಿದ್ದು ಕಂಡರೆ ಸಾಕು, ಬಾಣದ ಹಾಗೆ ಹೋಗುತ್ತದೆ, ಆಮೇಲೆ ನಿಮ್ಮ ಕೂಗು ಅದಕ್ಕೆ ಕೇಳಿಸುವುದೇ ಇಲ್ಲ. ಪಾಯಿಂಟರ್ ಮೂಗಿನ ನಾಯಿ. ನಿಮ್ಮ ಮುಂದೆ ಅಡ್ಡಡ್ಡ ಹುಡುಕುತ್ತಾ ಹೋಗಿ, ವಾಸನೆ ಹತ್ತಿದ ಕೂಡಲೇ ಮುಂಗಾಲೊಂದು ಎತ್ತಿ, ಬಾಲ ನೆಟ್ಟಗೆ ಮಾಡಿ ನಿಂತುಬಿಡುತ್ತದೆ. ತೋಟಕ್ಕೆ ಬೇಲಿ ಇಲ್ಲದಿದ್ದರೆ ಎರಡೂ ಬೇಡ. ಪಕ್ಕದವರ ಕೋಳಿಗೂ ಮೊಲಕ್ಕೂ ಅವು ವ್ಯತ್ಯಾಸ ಮಾಡುವುದಿಲ್ಲ.

ಬೀಗಲ್ ಮನೆ, ಜೆ.ಪಿ. ನಗರ: ಫ್ಲಾಟ್‌ಗೆ ಬೀಗಲ್ ಆಗುತ್ತಾ ಮೇಡಂ? ಅದೂ ಮೊಲದ ನಾಯಿ ಅಂತಾರೆ.

ಡಾಕ್ಟರ್: ಮೊಲದ ವಾಸನೆ ಹಿಡಿಯೋಕೇ ಬೆಳೆಸಿದ ತಳಿ. ಫ್ಲಾಟ್‌ನಲ್ಲಿ ಒಂಟಿ ಬಿಟ್ಟು ಆಫೀಸಿಗೆ ಹೋದರೆ ಊಳಿಡುತ್ತದೆ. ಅಸೋಸಿಯೇಷನ್‌ನವರು ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ.

ಮಾರತಹಳ್ಳಿ ಟೆಕ್ಕಿ: ಬೆಂಗಳೂರು ಬಿಸಿಲಿಗೆ ಪಾಯಿಂಟರ್ ಆಗುತ್ತಾ?

ಡಾಕ್ಟರ್: ಆಗುತ್ತದೆ. ದಿನಕ್ಕೆ ಎರಡು ಗಂಟೆ ಓಡಿಸೋಕೆ ನಿಮಗೆ ಆಗುತ್ತಾ, ಅದು ಹೇಳಿ.

ಮಿನ್ನೆಸೋಟಾ ಕನ್ನಡಿಗ: ಮೇಡಂ, ನಾನು ಮಲ್ಲೇಶ್ವರದವನು, ಈಗ ಮಿನ್ನೆಸೋಟಾದಲ್ಲಿದ್ದೇನೆ. ಇಲ್ಲಿ ಲೈಸೆನ್ಸ್ ತೆಗೆದುಕೊಂಡು ಗ್ರೌಸ್, ಫೆಸೆಂಟ್ ಅನ್ನುವ ಕಾಡುಕೋಳಿಯಂಥ ಹಕ್ಕಿ, ಬಾತು, ಕಾಟನ್‌ಟೇಲ್ ಮೊಲ ಹೊಡೆಯಬಹುದು. ಮನೆಯಲ್ಲಿ ಇಬ್ಬರು ಚಿಕ್ಕ ಮಕ್ಕಳು. ಜರ್ಮನ್ ಶಾರ್ಟ್‌ಹೇರ್, ಜರ್ಮನ್ ವೈರ್‌ಹೇರ್ ಪಾಯಿಂಟರ್, ಬ್ರಿಟನಿ, ಸ್ಮಾಲ್ ಮುನ್‌ಸ್ಟರ್‌ಲ್ಯಾಂಡರ್ ತಳಿಗಳ ನಡುವೆ ತಲೆ ಕೆಟ್ಟಿದೆ.

ಡಾಕ್ಟರ್: ಇದು ಒಳ್ಳೆ ಪ್ರಶ್ನೆ. ನೀವು ಹೇಳಿದ ತಳಿಗಳಲ್ಲಿ ಹೆಚ್ಚಿನವು ಜರ್ಮನಿಯವು, ಬ್ರಿಟನಿ ಮಾತ್ರ ಫ್ರಾನ್ಸಿನದು. 19ನೇ ಶತಮಾನದಲ್ಲಿ ಅಲ್ಲಿ ಬೇಟೆ ದೊಡ್ಡ ಜಮೀನ್ದಾರರ ಕೈ ಬಿಟ್ಟು ಸಾಮಾನ್ಯರಿಗೂ ಸಿಕ್ಕಿತು. ತೋರಿಸೋಕೆ ಒಂದು, ತರೋಕೆ ಒಂದು, ಗಾಯವಾದದ್ದರ ಜಾಡು ಹಿಡಿಯೋಕೆ ಇನ್ನೊಂದು ಅಂತ ನಾಯಿ ಸಾಕೋಕೆ ಇವರಿಗೆ ಎಲ್ಲಿ ಆಗುತ್ತದೆ? ಅದಕ್ಕೇ ಎಲ್ಲಾ ಕೆಲಸದ ಒಂದೇ ನಾಯಿ ಬೆಳೆಸಿದರು.

ನಿಮ್ಮ ಊರಿನ ಲೆಕ್ಕದಲ್ಲಿ ಮೊದಲು ನೀರು ನೋಡಿ. ಸೀಸನ್ ಕೊನೆಗೆ ಐಸ್ ಕಟ್ಟುವ ನೀರಿನಲ್ಲಿ ಬಾತು ತರಬೇಕು ಅಂದರೆ ವೈರ್‌ಹೇರ್ ಮೇಲು, ಅದರ ಒರಟು ಕೂದಲು ಮುಳ್ಳುಪೊದೆಯಲ್ಲೂ ಕಾಪಾಡುತ್ತದೆ. ಶಾರ್ಟ್‌ಹೇರ್ ಬೇಗ ಕಲಿಯುತ್ತದೆ, ಮಕ್ಕಳ ಜೊತೆ ಚೆನ್ನಾಗಿರುತ್ತದೆ, ಆದರೆ ತಣ್ಣೀರಿಗೆ ಮೈಮೇಲೆ ಏನೂ ಇಲ್ಲ, ಕೋಟು ಹಾಕಬೇಕು. ಬ್ರಿಟನಿ 14ರಿಂದ 18 ಕೆಜಿ, ಕಾರಿಗೂ ಮನೆಗೂ ಹಗುರ, ಗ್ರೌಸ್ ಕಾಡಿಗೆ ಹೇಳಿ ಮಾಡಿಸಿದ್ದು. ಬಾತು ಕಡಿಮೆ, ಗ್ರೌಸ್ ಜಾಸ್ತಿ ಅಂದರೆ ನಾನು ಬ್ರಿಟನಿ ಅಥವಾ ಮುನ್‌ಸ್ಟರ್‌ಲ್ಯಾಂಡರ್ ಅನ್ನುತ್ತೇನೆ. ಬರೀ ಮೊಲಕ್ಕಾದರೆ ಇವು ಯಾವುದೂ ಬೇಡ, ಬೀಗಲ್ ಸಾಕು. ಹಕ್ಕಿ ಕಲಿಯುವ ವಯಸ್ಸಿನ ಮರಿಗೆ ಮೊಲದ ಹಿಂದೆ ಓಡುವ ರುಚಿ ಹತ್ತಿಸಬೇಡಿ. ಆಮೇಲೆ ಬಿಡಿಸೋದು ಕಷ್ಟ.

ತಳಿಗಿಂತ ತಂದೆತಾಯಿ ಮುಖ್ಯ. ಅಲ್ಲಿ 1969ರಿಂದ ನಾವ್ಡಾ ಅಂತ ಸಂಸ್ಥೆ ಇದೆ. 16 ತಿಂಗಳೊಳಗಿನ ಮರಿಗಳಿಗೆ ಹೊಲ, ನೀರು, ಜಾಡು ಮೂರರಲ್ಲೂ ಸಹಜ ಸಾಮರ್ಥ್ಯದ ಪರೀಕ್ಷೆ ಮಾಡುತ್ತಾರೆ. ಅದರ ಅಂಕ, ಸೊಂಟದ ಎಕ್ಸ್‌ರೇ ಎರಡನ್ನೂ ತೋರಿಸದವರ ಹತ್ತಿರ ಮರಿ ತರಬೇಡಿ.

ಮುಧೋಳ ಅಭಿಮಾನಿ: ಪರದೇಶದ ನಾಯಿ ಪುರಾಣ ಸಾಕು. ನಮ್ಮ ಮುಧೋಳದ ಮುಂದೆ ಇವೆಲ್ಲ ಯಾವ ಲೆಕ್ಕ? ಘೋರ್ಪಡೆ ಮಹಾರಾಜರು ಐದನೇ ಜಾರ್ಜ್‌ಗೆ ಜೋಡಿ ಕೊಟ್ಟಿದ್ದರು. 2005ರಲ್ಲಿ ಅಂಚೆ ಚೀಟಿ ಬಂತು. ಸೈನ್ಯದವರೇ ತರಬೇತಿಗೆ ಒಯ್ದರು.

ಹೆಬ್ಬಾಳ ಕೆನಲ್: ಅದೆಲ್ಲ ಸರಿ, ಬಿದ್ದ ಹಕ್ಕಿಯನ್ನು ಮುಧೋಳ ತಂದುಕೊಡುತ್ತದಾ? ಪಾಯಿಂಟ್ ಮಾಡುತ್ತದಾ? ಪ್ರಶ್ನೆ ಏನು ಅಂತ ಓದಿ ಮಾತಾಡಿ. ಅಂದಹಾಗೆ ಕೆನಲ್ ಕ್ಲಬ್ ಆಫ್ ಇಂಡಿಯಾ (ಕೆಸಿಐ) ಪಟ್ಟಿಯಲ್ಲಿ ಅದರ ಹೆಸರು ಕ್ಯಾರವಾನ್ ಹೌಂಡ್.

ಮುಧೋಳ ಅಭಿಮಾನಿ: ಹೆಸರು ಕಿತ್ತುಕೊಳ್ಳೋಕೆ ನೀವು ಯಾರ್ರೀ? ತಿಮ್ಮಾಪುರದ ಮುಧೋಳ ನಾಯಿ ಸಂಶೋಧನಾ ಕೇಂದ್ರಕ್ಕೆ ಹೋಗಿ ನೋಡಿ ಬನ್ನಿ, ನಿಮ್ಮಂಥ ಮರಿ ವ್ಯಾಪಾರಿಗಳಿಗೆ ಗೊತ್ತಾಗುತ್ತದೆ.

ಹೆಬ್ಬಾಳ ಕೆನಲ್: ವ್ಯಾಪಾರಿ ಅಂದರೆ ಏನರ್ಥ? ಅಡ್ಮಿನ್ ಇದ್ದೀರಾ?

ಮಾರತಹಳ್ಳಿ ಟೆಕ್ಕಿ: ಪಾಯಿಂಟರ್ ಮರಿ ರೇಟ್ ಎಷ್ಟು?

ಯಲಹಂಕ: ಮೇಡಂ, ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ನಮ್ಮ ಮುಧೋಳ ಹೆಣ್ಣು, ಮೂರು ವರ್ಷ. ನಿನ್ನೆಯಿಂದ ಮೂಗಿನ ಎಡ ಹೊಳ್ಳೆಯಲ್ಲಿ ರಕ್ತ. ಮಂಕಾಗಿದೆ, ಊಟ ಬಿಟ್ಟಿದೆ. ಹೋದ ವಾರ ದೊಡ್ಡಬಳ್ಳಾಪುರದ ತೋಟಕ್ಕೆ ಕರೆದುಕೊಂಡು ಹೋಗಿದ್ದೆವು. ಗ್ರೂಪ್‌ನಲ್ಲಿ ಬಂದಿದ್ದ ಮೆಸೇಜ್ ನೋಡಿ ಪಪ್ಪಾಯಿ ಎಲೆ ರಸ, ಬೆಳ್ಳುಳ್ಳಿ ಬೆಲ್ಲ ಅರೆದು ಕೊಟ್ಟೆ. ಜ್ವರಕ್ಕೆ ಅರ್ಧ ಕಾಂಬಿಫ್ಲಾಮ್.

ಡಾಕ್ಟರ್: ಉಳಿದವರು ಸ್ವಲ್ಪ ನಿಲ್ಲಿಸಿ. ಯಲಹಂಕದವರೇ, ತುಟಿ ಎತ್ತಿ ವಸಡು ನೋಡಿ. ಬೆಳ್ಳಗಿದೆಯಾ? ಹೊಟ್ಟೆಯ ಮೇಲೆ, ತೊಡೆ ಸಂದಿಯಲ್ಲಿ ಸೂಜಿ ಚುಚ್ಚಿದ ಹಾಗೆ ಕೆಂಪು ಚುಕ್ಕೆ ಇವೆಯಾ? ಮೈಮೇಲೆ ಉಣ್ಣಿ ಇತ್ತಾ? ತೋಟದಲ್ಲಿ ಇಲಿ ಪಾಷಾಣ ಇಟ್ಟಿದ್ದರಾ? ನಾಲ್ಕಕ್ಕೂ ಉತ್ತರ ಬೇಕು.

ಯಲಹಂಕ: ವಸಡು ಬಿಳಿ ಬಿಳಿ ಇದೆ. ಚುಕ್ಕೆ ಇವೆ ಮೇಡಂ. ಕಿವಿ ಒಳಗೆ ಉಣ್ಣಿ ಇತ್ತು, ಕಿತ್ತು ಹಾಕಿದ್ದೆ. ಪಾಷಾಣದ ವಿಷಯ ಆಳನ್ನು ಕೇಳಬೇಕು.

ಡಾಕ್ಟರ್: ಕೇಳುತ್ತಲೇ ಹೊರಡಿ. ನಾಳೆಗೆ ಇಡಬೇಡಿ. ಉಣ್ಣಿ ಜ್ವರ, ಅಂದರೆ ಎರ್ಲಿಕಿಯಾ, ಅಂತ ನನ್ನ ಮೊದಲ ಅನುಮಾನ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಬಿದ್ದುಹೋದರೆ ಹೀಗೇ ಮೂಗಿನಲ್ಲಿ ರಕ್ತ, ಹೊಟ್ಟೆ ಮೇಲೆ ಚುಕ್ಕೆ. ಆದರೆ ಉಣ್ಣಿ ಕಚ್ಚಿ ಒಂದೇ ವಾರಕ್ಕೆ ಇಷ್ಟಾಗುವುದು ಅಪರೂಪ, ಸೋಂಕು ಮೊದಲೇ ಒಳಗೆ ಇದ್ದಿರಬಹುದು. ಅದಕ್ಕೇ ಪಾಷಾಣ ಕೇಳಿದ್ದು. ಕೆಲವು ಬಗೆಯ ಪಾಷಾಣವೂ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುತ್ತದೆ, ತಿಂದ ಕೆಲವು ದಿನ ಆದ ಮೇಲೆ ಗೊತ್ತಾಗುತ್ತದೆ. ಎರಡಕ್ಕೂ ಔಷಧಿ ಬೇರೆ. ಒಂದಕ್ಕೆ ಡಾಕ್ಸಿಸೈಕ್ಲಿನ್, ಇನ್ನೊಂದಕ್ಕೆ ವಿಟಮಿನ್ ಕೆ1. ನೀವಾಗಿ ಯಾವುದನ್ನೂ ಕೊಡಬೇಡಿ.

ಕಾಂಬಿಫ್ಲಾಮ್ ಕೊಟ್ಟಿದ್ದು, ಯಾವಾಗ, ಎಷ್ಟು ಅಂತ ಅಲ್ಲಿ ಮೊದಲು ಹೇಳಿ, ನಾಚಿಕೆ ಬೇಡ. ಅದರಲ್ಲಿರುವ ಐಬುಪ್ರೊಫೇನ್ ನಾಯಿಗೆ ಹೊಟ್ಟೆ ಹುಣ್ಣು ಮಾಡುತ್ತದೆ, ಕಿಡ್ನಿ ಕೆಡಿಸುತ್ತದೆ, ಇರುವ ಪ್ಲೇಟ್‌ಲೆಟ್ ಕೆಲಸವನ್ನೂ ತಡೆಯುತ್ತದೆ. ಬೆಳ್ಳುಳ್ಳಿ ಕೆಂಪು ರಕ್ತಕಣ ಒಡೆಯುತ್ತದೆ. ರಕ್ತ ಕಡಿಮೆ ಇರುವ ನಾಯಿಗೆ ಅದನ್ನು ಅರೆದು ಕೊಡಿ ಅಂತ ಬರೆದವನು ಯಾರೋ, ಅವನ ಕೈಗೆ ಫೋನ್ ಕೊಟ್ಟವರಾರೋ.

ಕುತ್ತಿಗೆ ಪಟ್ಟಿ ಹಿಡಿದು ಎಳೆಯಬೇಡಿ. ಎತ್ತಿಕೊಂಡು ಹೋಗಿ. ಮೂಗಿಗೆ ಹತ್ತಿ ತುರುಕಬೇಡಿ, ಮೂಗಿನ ಮೇಲ್ಭಾಗಕ್ಕೆ ಬಟ್ಟೆಯಲ್ಲಿ ಸುತ್ತಿದ ಐಸ್ ಹಿಡಿಯಿರಿ. ಇನ್ನೊಂದು: ಗ್ರೇಹೌಂಡ್ ಜಾತಿಯ ನಾಯಿಗಳಲ್ಲಿ ಕೆಂಪು ರಕ್ತಕಣದ ಪ್ರಮಾಣ ಬೇರೆ ನಾಯಿಗಳಿಗಿಂತ ಜಾಸ್ತಿ ಇರುತ್ತದೆ. ಹಾಗಾಗಿ ರಿಪೋರ್ಟ್‌ನಲ್ಲಿ ನಾರ್ಮಲ್ ಅಂತ ಬಂದರೂ ಇದಕ್ಕೆ ಅದು ಕಡಿಮೆಯೇ ಇರಬಹುದು, ನೋಡುವ ಡಾಕ್ಟರಿಗೆ ಮುಧೋಳ ಅಂತ ಹೇಳಿ.

ಆರ್.ಆರ್. ನಗರ ಅಜ್ಜಿ: ನಮ್ಮ ಊರಲ್ಲಿ ಉಣ್ಣಿಗೆ ಸೀಮೆಎಣ್ಣೆ ಹಚ್ಚುತ್ತಿದ್ದರು, ಏನೂ ಆಗಿರಲಿಲ್ಲ. ಈ ವಿಡಿಯೋ ನೋಡಿ ಮೇಡಂ, ತುಂಬಾ ಜನಕ್ಕೆ ಉಪಯೋಗ ಆಗಿದೆ.

ಡಾಕ್ಟರ್: ಅಜ್ಜಿ, ನಾಯಿ ಮೈ ನೆಕ್ಕುತ್ತದೆ. ಸೀಮೆಎಣ್ಣೆ ಹೊಟ್ಟೆಗೆ, ಶ್ವಾಸಕೋಶಕ್ಕೆ ಹೋಗುತ್ತದೆ, ಚರ್ಮ ಸುಡುತ್ತದೆ. ವಿಡಿಯೋ ನೋಡುವುದಿಲ್ಲ. ಅಡ್ಮಿನ್, ಅದನ್ನು ತೆಗೆಯಿರಿ.

ಆರ್.ಆರ್. ನಗರ ಅಜ್ಜಿ: ಎಲ್ಲಾ ಓದಿದವರಿಗೇ ಗೊತ್ತು ಬಿಡಿ.

ಮುಧೋಳ ಅಭಿಮಾನಿ: ನೋಡಿದಿರಾ, ಮುಧೋಳ ಅಂದ ಕೂಡಲೇ ಕಾಯಿಲೆ ಅಂತ ಹೆದರಿಸುತ್ತಾರೆ.

ಡಾಕ್ಟರ್: ಉಣ್ಣಿಗೆ ತಳಿ ಗೊತ್ತಿಲ್ಲ. ಸಾಯುತ್ತಿರುವ ನಾಯಿಯ ಮಧ್ಯೆ ನಿಮ್ಮ ಅಭಿಮಾನ ತರಬೇಡಿ.

ಹೆಬ್ಬಾಳ ಕೆನಲ್: ಸರಿಯಾಗಿ ಹೇಳಿದಿರಿ ಮೇಡಂ.

ಡಾಕ್ಟರ್: ನಿಮಗೂ ಅದೇ ಮಾತು.

ಬೀಗಲ್ ಮನೆ, ಜೆ.ಪಿ. ನಗರ: ಮೇಡಂ, ಊಳಿಡದ ಬೀಗಲ್ ಸಿಗುತ್ತಾ?

ಮಾರತಹಳ್ಳಿ ಟೆಕ್ಕಿ: ಪಾಯಿಂಟರ್ ರೇಟ್ ಯಾರಾದರೂ ಹೇಳಿ ಪ್ಲೀಸ್.

ಅಡ್ಮಿನ್: ಕೊನೆಯ ಎಚ್ಚರಿಕೆ. ಇನ್ನೊಂದು ಜಗಳ ಆದರೆ ಕಾಮೆಂಟ್ ಮುಚ್ಚುತ್ತೇನೆ.

ಯಲಹಂಕ: ಮೇಡಂ, ಕಾರಿನಲ್ಲಿದ್ದೇವೆ. ಆಳು ಫೋನ್ ಎತ್ತಿದ. ತೆಂಗಿನ ಬುಡದಲ್ಲಿ ಇಲಿಗೆ ಬಿಸ್ಕತ್ತಿನಂಥದ್ದು ಇಟ್ಟಿದ್ದನಂತೆ, ನಾಯಿ ತಿಂದದ್ದು ನೋಡಿಲ್ಲವಂತೆ.

ಡಾಕ್ಟರ್: ಆ ಪ್ಯಾಕೆಟ್ ಫೋಟೋ ತೆಗೆದು ಕಳಿಸೋಕೆ ಹೇಳಿ, ಒಳಗಿನ ವಿಷದ ಹೆಸರು ಕಾಣಬೇಕು. ಹೋಗುತ್ತಿರುವ ಆಸ್ಪತ್ರೆಗೆ ಈಗಲೇ ಫೋನ್ ಮಾಡಿ ಕೆ1 ಇದೆಯಾ, ರಕ್ತ ಕೊಡುವ ವ್ಯವಸ್ಥೆ ಇದೆಯಾ ಕೇಳಿ. ಇಲ್ಲ ಅಂದರೆ ದಾರಿಯಲ್ಲೇ ಬೇರೆ ಕಡೆ ತಿರುಗಿಸಿ.